ಕೈಯಲ್ಲಿ ಹಿಡಿದ ಕ್ಯಾಮರಾ: ತಪ್ಪು ಕನ್ನಡಿಯದೋ, ಕೈಯದೋ?

ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಹಳೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ ಅವುಗಳ ಒಳಗಿನ ಬೆಳಕು ಎಂಥದೆಂಬುದು ಗೊತ್ತು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಿಟಕಿ ಎಂದರೆ ಗೋಡೆಯಲ್ಲಿ ಬಿಟ್ಟ ಒಂದು ಸಣ್ಣ ಗೂಡು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದು ಫರಸಿ ಕಲ್ಲಿನ ನೆಲದ ಮೇಲೆ ಬೀಳುತ್ತದೆ. ಪಡಸಾಲೆಯ ಉಳಿದ ಭಾಗಕ್ಕೆಲ್ಲ ಆ ಕಲ್ಲಿನಿಂದ ಹೊರಳಿ ಬಂದದ್ದಷ್ಟೇ ಬೆಳಕು. ಈ ಸೀಮೆಯ ಬೇಸಿಗೆಗೆ ಇದಕ್ಕಿಂತ ತಕ್ಕ ಮನೆ ಬೇರೆ ಇಲ್ಲ. ಫೋಟೋ ತೆಗೆಯುವವನಿಗೆ ಮಾತ್ರ ಇದಕ್ಕಿಂತ ಕಷ್ಟದ ಜಾಗವೂ ಬೇರೆ ಇಲ್ಲ. ಕುಬಸ, ತೊಟ್ಟಿಲ ಕಾರ್ಯ, ನಿಶ್ಚಯ ಎಲ್ಲವೂ ನಡೆಯುವುದು ಈ ಪಡಸಾಲೆಯಲ್ಲೇ. ಫ್ಲ್ಯಾಶ್ ಹಾಕಿದರೆ ಮುಂದೆ ಕೂತವರ ಮುಖ ಸುಣ್ಣ ಬಳಿದ ಗೋಡೆಯಂತಾಗಿ, ಹಿಂದೆ ನಿಂತವರು ಕತ್ತಲಲ್ಲಿ ಮುಳುಗುತ್ತಾರೆ. ಹಾಕದಿದ್ದರೆ ರೀಲು ತೊಳೆದು ಬಂದ ಮೇಲೆ ಸ್ಟುಡಿಯೋದವರು ಹೇಳುವ ಮಾತು ಒಂದೇ: ‘ಫೋಟೋ ಅಳ್ಳಾಡ್ಯಾದ.’

ಇದು ಸಣ್ಣ ನಷ್ಟವಲ್ಲ. ಒಂದು ತಲೆಮಾರಿನ ಹಿಂದಿನ ಎಷ್ಟೋ ಮನೆಗಳಲ್ಲಿ ಅಜ್ಜಿಯೊಬ್ಬಳ ಚಿತ್ರವೆಂದು ಉಳಿದಿರುವುದು ಅಂಥ ಒಂದೇ ಫೋಟೋ. ಅದರಲ್ಲಿ ಮೂಗುತಿ ಒಂದು ಗೆರೆಯಾಗಿದೆ, ಕಣ್ಣು ಎರಡಾಗಿವೆ. ಆ ದಿನ ಕ್ಯಾಮರಾ ಹಿಡಿದವರ ಕೈಯಲ್ಲಿ ಬೇರೆ ಬಗೆಯ ಕ್ಯಾಮರಾ ಇದ್ದಿದ್ದರೆ ಚಿತ್ರ ಸ್ಪಷ್ಟವಾಗಿ ಬರುತ್ತಿತ್ತೇ? ಈ ಪ್ರಶ್ನೆಯ ಸುತ್ತ ಛಾಯಾಗ್ರಾಹಕರಲ್ಲಿ ಎರಡು ಪಂಗಡಗಳಿವೆ. ರೇಂಜ್‌ಫೈಂಡರ್ ಕ್ಯಾಮರಾವನ್ನು ಮುಕ್ಕಾಲಿಯಿಲ್ಲದೆ ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲೂ ನಿಶ್ಚಿಂತೆಯಿಂದ ಬಳಸಬಹುದು, ಎಸ್‌ಎಲ್‌ಆರ್‌ನಲ್ಲಿ ಅದು ಆಗದ ಮಾತು ಎಂದು ಒಂದು ಪಂಗಡ. ಅದೆಲ್ಲ ದುಬಾರಿ ಕ್ಯಾಮರಾ ಕೊಂಡವರ ಸಮಾಧಾನ ಎಂದು ಇನ್ನೊಂದು. ಡಿಜಿಟಲ್ ಬಂದ ಮೇಲೆ ಮುಗಿದೇಹೋಯಿತೆಂದುಕೊಂಡ ಈ ಜಗಳ ಈಗ ಮತ್ತೆ ಎದ್ದಿದೆ. ಹುಡುಗರು ಟ್ರಂಕಿನಿಂದ ಕಾಕಾನ ಯಾಶಿಕಾ, ಮಾವನ ಜೆನಿತ್ ಹೊರಗೆ ತೆಗೆಯುತ್ತಿದ್ದಾರೆ. ಇಲ್ಲದವರು ಹಳೆಯ ಕ್ಯಾಮರಾಕ್ಕೆ ಸಾವಿರಗಟ್ಟಲೆ ಸುರಿಯುತ್ತಿದ್ದಾರೆ. ಒಂದು ರೀಲಿನ ಬೆಲೆ ಹೊಲದ ಕೆಲಸದ ಒಂದು ದಿನದ ಕೂಲಿಯನ್ನು ಮೀರಿರುವ ಈ ಕಾಲದಲ್ಲಿ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಕ್ಯಾಮರಾ ಕೈಗೆ ಬಂದದ್ದೇ ತಡವಾಗಿ. ನಮ್ಮ ಭಾಗದ ಮೊದಲ ಛಾಯಾಚಿತ್ರಗಳೆಲ್ಲ ಮುಕ್ಕಾಲಿಯ ಮೇಲೆ ಹುಟ್ಟಿದವು. ಬೊಂಬಾಯಿ ಆರ್ಟಿಲರಿಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿ 1855ರಲ್ಲಿ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು ವಿಜಯಪುರದ ಗುಮ್ಮಟ, ಮಸೀದಿಗಳನ್ನು ಚಿತ್ರಿಸಿದ. ಆ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್‌ನ ಬರಹದೊಂದಿಗೆ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದೇ ಹೊತ್ತಿನಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದ. 1565ರ ಜನವರಿ 23ರಂದು ನಡೆದು ತಾಳಿಕೋಟೆಯ ಹೆಸರನ್ನು ಚರಿತ್ರೆಯಲ್ಲಿ ಉಳಿಸಿದ ಕದನದ ನಂತರ ಪಾಳುಬಿದ್ದ ನಗರ ಅದು. (ಕದನ ನಡೆದದ್ದು ಊರಿನಲ್ಲಲ್ಲ, ಕೃಷ್ಣೆಯ ದಡದ ರಕ್ಕಸಗಿ–ತಂಗಡಗಿಗಳ ಬಳಿ ಎಂಬ ವಾದವನ್ನು ಇಲ್ಲಿನ ಮಕ್ಕಳೂ ಬಲ್ಲರು.) ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್; ಒಂದೊಂದೂ ಒಂದು ಅಡಿಗಿಂತ ದೊಡ್ಡದು. ಬೆಳಕು ಅದರ ಮೇಲೆ ಬಿಂಬ ಮೂಡಿಸಲು ನಿಮಿಷಗಳೇ ಬೇಕಾಗುತ್ತಿದ್ದವು. ಹಾಗಾಗಿ ಆ ಚಿತ್ರಗಳಲ್ಲಿ ಕಲ್ಲಿನ ಕೆತ್ತನೆ ಒಂದೊಂದೂ ಕಾಣುತ್ತದೆ, ಮನುಷ್ಯರು ಮಾತ್ರ ಕಾಣುವುದು ಅಪರೂಪ. ಅಲುಗಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಅವುಗಳನ್ನು ಪಕ್ಕಪಕ್ಕ ಇಟ್ಟು ಕಲ್ಲುಕಲ್ಲನ್ನೂ ಹೋಲಿಸಲು ಸಾಧ್ಯವಾದದ್ದು ಆ ಮುಕ್ಕಾಲಿಯ ಸ್ಪಷ್ಟತೆಯಿಂದಲೇ.

ಜನ ಚಿತ್ರದೊಳಗೆ ಬರಬೇಕಾದರೆ ಫಿಲ್ಮು ಚುರುಕಾಗಬೇಕಿತ್ತು, ಕ್ಯಾಮರಾ ಚಿಕ್ಕದಾಗಬೇಕಿತ್ತು. ಜರ್ಮನಿಯ ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ಸಿನಿಮಾದ 35 ಮಿ.ಮೀ. ರೀಲನ್ನೇ ಬಳಸುವ, ಅಂಗಿಯ ಮೇಲಿನ ಕೋಟಿನ ಜೇಬಿನಲ್ಲಿ ಹಿಡಿಸುವ ಯಂತ್ರ. 1932ರ ಮಾದರಿಯಲ್ಲಿ ಅದಕ್ಕೆ ದೂರ ಅಳೆಯುವ ವ್ಯವಸ್ಥೆಯನ್ನು ಲೆನ್ಸಿಗೇ ಜೋಡಿಸಿದರು. ರೇಂಜ್‌ಫೈಂಡರ್ ಎಂದರೆ ಇದೇ: ಕ್ಯಾಮರಾದ ಮುಖದಲ್ಲಿ ಒಂದಿಷ್ಟು ಅಂತರದಲ್ಲಿ ಎರಡು ಕಿಂಡಿಗಳು. ನಮ್ಮ ಎರಡು ಕಣ್ಣುಗಳಂತೆ ಅವು ಒಂದೇ ವಸ್ತುವನ್ನು ಬೇರೆ ಬೇರೆ ಕೋನದಿಂದ ನೋಡುತ್ತವೆ. ನೋಡುಗಿಂಡಿಯ ನಡುವೆ ಎರಡು ಬಿಂಬ ಕಾಣುತ್ತದೆ. ಲೆನ್ಸನ್ನು ತಿರುಗಿಸುತ್ತ ಎರಡನ್ನೂ ಒಂದಾಗಿಸಿದರೆ ದೂರ ಸರಿಯಾಯಿತು. ಹೊಲ ಅಳೆಯುವ ಸರ್ವೇಯರ್ ತ್ರಿಕೋನದಿಂದ ದೂರ ಕಂಡುಹಿಡಿಯುವ ಲೆಕ್ಕವೇ ಇದು. ಇದರಲ್ಲಿ ನೀವು ನೋಡುವ ದಾರಿ ಬೇರೆ, ಫಿಲ್ಮು ನೋಡುವ ದಾರಿ ಬೇರೆ. ನಡುವೆ ಅಲ್ಲಾಡುವ ಕನ್ನಡಿ ಇಲ್ಲ.

ಸಿಂಗಲ್ ಲೆನ್ಸ್ ರಿಫ್ಲೆಕ್ಸ್, ಅಂದರೆ ಎಸ್‌ಎಲ್‌ಆರ್, ಇದಕ್ಕೆ ತದ್ವಿರುದ್ಧ. ಅದರಲ್ಲಿ ಫಿಲ್ಮು ಏನನ್ನು ನೋಡಲಿದೆಯೋ ಅದನ್ನೇ, ಅದೇ ಲೆನ್ಸಿನ ಮೂಲಕ, ನೀವೂ ನೋಡುತ್ತೀರಿ. ಅದಕ್ಕಾಗಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರಬೇಕು, ಆಮೇಲೆ ಷಟರ್ ತೆರೆಯಬೇಕು, ಮುಚ್ಚಬೇಕು, ಕನ್ನಡಿ ಇಳಿಯಬೇಕು. ಇಳಿದು ಮೊದಲಿನ ಜಾಗಕ್ಕೆ ತಾನೇ ಬರುವ ಕನ್ನಡಿಯನ್ನು ಜಪಾನಿನ ಅಸಾಹಿ ಕಂಪನಿ 1954ರಲ್ಲಿ ತನ್ನ ಅಸಾಹಿಫ್ಲೆಕ್ಸ್‌ಗೆ ಅಳವಡಿಸಿತು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರು ಒಬ್ಬೊಬ್ಬರಾಗಿ ಈ ಕಡೆಗೆ ಹೊರಳಿದರು. ಆ ‘ಠಪ್’ ಎನ್ನುವ ಸದ್ದು ಕನ್ನಡಿಯದೇ. ಸದ್ದು ಇದ್ದಲ್ಲಿ ಹೊಡೆತವಿದೆ, ಹೊಡೆತ ಇದ್ದಲ್ಲಿ ನಡುಕವಿದೆ ಎಂಬುದು ರೇಂಜ್‌ಫೈಂಡರ್ ಪಂಗಡದವರ ವಾದದ ತಿರುಳು.

ವಾದ ಸುಳ್ಳಲ್ಲ. ಆದರೆ ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

35 ಮಿ.ಮೀ. ನೆಗೆಟಿವ್‌ನಲ್ಲಿ ಒಂದು ಚುಕ್ಕೆ 0.03 ಮಿ.ಮೀ.ಗಿಂತ ಹೆಚ್ಚು ಹರಡಬಾರದು ಎಂಬುದು ಹಳೆಯ ಅಳತೆ. ಅದನ್ನು ಎಂಟು ಪಟ್ಟು ಹಿಗ್ಗಿಸಿ ಗೋಡೆಗೆ ಹಾಕುವ ಚಿತ್ರ ಮಾಡಿದಾಗ ಚುಕ್ಕೆ ಕಾಲು ಮಿಲಿಮೀಟರಿನಷ್ಟಾಗುತ್ತದೆ. ಕೈದೂರದಿಂದ ನೋಡುವ ಕಣ್ಣಿಗೆ ಅದು ಇನ್ನೂ ಚುಕ್ಕೆಯೇ. 50 ಮಿ.ಮೀ. ಲೆನ್ಸಿನ ಕ್ಯಾಮರಾದಲ್ಲಿ ಬಿಂಬ 0.03 ಮಿ.ಮೀ. ಸರಿಯಲು ಕ್ಯಾಮರಾ ಎಷ್ಟು ಹೊರಳಬೇಕು? ಒಂದು ಡಿಗ್ರಿಯ ಮೂವತ್ತರಲ್ಲೊಂದು ಭಾಗ ಸಾಕು. ಇದನ್ನು ಗಡಿಯಾರಕ್ಕೆ ಹೋಲಿಸಿದರೆ ಬೇಗ ತಿಳಿಯುತ್ತದೆ. ಸೆಕೆಂಡಿನ ಮುಳ್ಳು ಸೆಕೆಂಡಿಗೆ 6 ಡಿಗ್ರಿ ತಿರುಗುತ್ತದೆ. ನೀವು 1/60 ಸೆಕೆಂಡಿನಲ್ಲಿ ಚಿತ್ರ ತೆಗೆಯುವಾಗ ನಿಮ್ಮ ಕೈ ಕ್ಯಾಮರಾವನ್ನು ಆ ಮುಳ್ಳಿನ ಮೂರರಲ್ಲೊಂದು ವೇಗಕ್ಕಿಂತ ನಿಧಾನವಾಗಿ ಅಲುಗಿಸಿದರೆ ಚಿತ್ರ ಸ್ಪಷ್ಟ. 1/15ರಲ್ಲಿ ಹನ್ನೆರಡರಲ್ಲೊಂದು ವೇಗ. 1/8ರಲ್ಲಿ ಇಪ್ಪತ್ತೆರಡರಲ್ಲೊಂದರ ಹತ್ತಿರ. ಕಣ್ಣಿಟ್ಟು ನೋಡಿದರೂ ಚಲನೆ ಕಾಣುವುದು ಕಷ್ಟ ಎನ್ನುವಷ್ಟು ನಿಧಾನ. ಲೆನ್ಸಿನ ಮಿಲಿಮೀಟರ್ ಎಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಿ ಕೈಯಲ್ಲಿ ತೆಗೆಯಬೇಡ ಎಂಬ ಎಲ್ಲರ ಬಾಯಲ್ಲಿರುವ ಸೂತ್ರ ಹುಟ್ಟಿದ್ದು ಈ ಲೆಕ್ಕದ ಆಸುಪಾಸಿನಲ್ಲೇ.

ಇನ್ನು ಕೈ. ಆರೋಗ್ಯವಂತನ ಕೈಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಇದು ರೋಗವಲ್ಲ, ಸ್ನಾಯುಗಳ ಸ್ವಭಾವ. ಇದರ ಮೇಲೆ ಉಸಿರಾಟದ ನಿಧಾನವಾದ ಏರಿಳಿತ, ಎದೆಬಡಿತ, ನಿಂತ ಕಾಲಿನ ತೂಗಾಟ. ತೂಗುವ ಉಯ್ಯಾಲೆ ಎರಡು ತುದಿಗಳಲ್ಲಿ ಒಂದು ಕ್ಷಣ ನಿಲ್ಲುವಂತೆ ಈ ನಡುಕಕ್ಕೂ ನಿಲುಗಡೆಗಳಿವೆ. ಷಟರ್ ಆ ನಿಲುಗಡೆಯಲ್ಲಿ ತೆರೆದುಕೊಂಡರೆ 1/15ರಲ್ಲೂ ಕೂದಲೆಳೆ ಎಣಿಸಬಹುದಾದ ಚಿತ್ರ ಬರುತ್ತದೆ. ನಡುವೆ ತೆರೆದುಕೊಂಡರೆ 1/60 ಕೂಡ ಕೈಕೊಡುತ್ತದೆ. ಅದಕ್ಕೇ ಒಂದು ರೇಂಜ್‌ಫೈಂಡರ್ ಚಿತ್ರ, ಒಂದು ಎಸ್‌ಎಲ್‌ಆರ್ ಚಿತ್ರ ಪಕ್ಕಪಕ್ಕ ಇಟ್ಟು ‘ನೋಡಿ’ ಎನ್ನುವ ಹೋಲಿಕೆಗೆ ಬೆಲೆಯಿಲ್ಲ. ಅಲ್ಲಿ ಅರ್ಧ ಪಾಲು ಅದೃಷ್ಟದ್ದು.

ಕನ್ನಡಿಯ ಪಾಲೆಷ್ಟು? ಗುಂಡಿ ಒತ್ತಿದ ಮೇಲೆ ಕನ್ನಡಿ ಏಳಲು ಸುಮಾರು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಹಿಡಿಯುತ್ತದೆ. ಅದು ಮೇಲಿನ ಸ್ಪಂಜಿಗೆ ಬಡಿದು ನಿಂತಾಗ ಕ್ಯಾಮರಾ ಅದುರುತ್ತದೆ, ಅದುರಾಟ ಬೇಗನೆ ಇಳಿಯುತ್ತದೆ. ಷಟರ್ 1/500ರಲ್ಲಿದ್ದರೆ ಅದುರಾಟ ಬಿಂಬವನ್ನು ಸರಿಸುವ ಮೊದಲೇ ಕೆಲಸ ಮುಗಿದಿರುತ್ತದೆ. ಎರಡು ಸೆಕೆಂಡಿನಷ್ಟು ತೆರೆದಿದ್ದರೆ ಮೊದಲ ಕ್ಷಣದ ಅದುರಾಟ ಒಟ್ಟು ಬೆಳಕಿನಲ್ಲಿ ಸಾಸಿವೆಯಷ್ಟು. ಪೆಟ್ಟು ಬೀಳುವುದು ನಡುವೆ, ಹೆಚ್ಚಾಗಿ 1/15, 1/8, 1/4ರ ಹತ್ತಿರ. ಮುಕ್ಕಾಲಿಯ ಮೇಲೆ ಉದ್ದನೆಯ ಟೆಲಿ ಲೆನ್ಸು ಹಾಕಿ ಈ ವೇಗಗಳಲ್ಲಿ ತೆಗೆದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕೈಯಲ್ಲಿ ಹಿಡಿದಾಗ ಕಥೆ ಬೇರೆ. ಅಂಗೈಯ ಮಾಂಸ, ಕೆನ್ನೆ, ಹಣೆ ಇವೆಲ್ಲ ಅದುರಾಟವನ್ನು ಹೀರಿಕೊಳ್ಳುವ ಮೆತ್ತೆಗಳೇ. ಅಲ್ಲಿ ಉಳಿಯುವುದು ಕೈಯ ದೊಡ್ಡ ನಡುಕ. ಕನ್ನಡಿಯದು ಅದರ ಮೇಲೆ ಬಿದ್ದ ಸಣ್ಣ ಚಿಟಿಕೆ. ನಮ್ಮ ಕಡೆ ಬಹಳ ಓಡಿದ ಸೋವಿಯತ್ ಜೆನಿತ್-ಇ ಕ್ಯಾಮರಾದ ವಿಷಯದಲ್ಲಿ ಈ ಜಗಳವೇ ತಮಾಷೆಯದು. ಅದರ ಕನ್ನಡಿಯ ಸದ್ದು ಪಕ್ಕದ ಓಣಿಗೆ ಕೇಳುತ್ತದೆಂದು ಎಲ್ಲರೂ ನಗುತ್ತಿದ್ದರು. ಆದರೆ ಅದರ ಷಟರಿಗೆ 1/30ಕ್ಕಿಂತ ನಿಧಾನದ ವೇಗವೇ ಇರಲಿಲ್ಲ. ಕನ್ನಡಿ ಹೆಚ್ಚು ಕೆಡಿಸುವ ವೇಗಗಳನ್ನು ರಷ್ಯದವರು ಕೊಟ್ಟೇ ಇರಲಿಲ್ಲ! ಲೆನ್ಸೂ ಸೇರಿ ಒಂದು ಕಿಲೋಗೆ ಹತ್ತಿರದ ಅದರ ತೂಕವೂ ಒಂದು ಉಪಕಾರವೇ. ಭಾರದ ವಸ್ತು ಸುಲಭವಾಗಿ ಅದುರುವುದಿಲ್ಲ, ತೋಳು ಸೋಲುವ ತನಕ.

ಹಾಗಾದರೆ ರೇಂಜ್‌ಫೈಂಡರಿನವರ ಚಿತ್ರಗಳು ಕತ್ತಲಲ್ಲಿ ಅಷ್ಟು ಚೆನ್ನಾಗಿ ಬರುವುದು ಸುಳ್ಳೇ? ಅಲ್ಲ. ಆದರೆ ಅದರ ಬಹುಪಾಲು ಕೀರ್ತಿ ಕನ್ನಡಿ ಇಲ್ಲದ್ದಕ್ಕೆ ಸಲ್ಲಬೇಕಾದದ್ದಲ್ಲ, ಲೆನ್ಸಿಗೆ ಸಲ್ಲಬೇಕಾದದ್ದು. ಇದನ್ನು ಹೇಳದೆ ಬಿಡುವುದರಿಂದಲೇ ಇಷ್ಟು ಗೊಂದಲ. ಯಾಶಿಕಾ ಎಲೆಕ್ಟ್ರೋ 35 ಎಂಬ ರೇಂಜ್‌ಫೈಂಡರ್ 1966ರಲ್ಲಿ ಬಂತು. ಹೊರದೇಶಕ್ಕೆ ಹೋದ ನೆಂಟರು ತಂದುಕೊಡುತ್ತಿದ್ದ ಕ್ಯಾಮರಾಗಳಲ್ಲಿ ಅದೂ ಒಂದು. ಅದರ ಲೆನ್ಸು 45 ಮಿ.ಮೀ., ಎಫ್/1.7. 1990ರ ದಶಕದಲ್ಲಿ ಎಸ್‌ಎಲ್‌ಆರ್ ಕೊಂಡ ಬಹುಮಂದಿಗೆ ಸಿಕ್ಕಿದ್ದು ಅದರ ಜೊತೆ ಬರುವ ಜೂಮ್ ಲೆನ್ಸು. ನಿಕಾನ್ ಎಫ್‌ಎಂ10ರ ಜೊತೆಯದು 35ರಿಂದ 70 ಮಿ.ಮೀ., ಎಫ್/3.5ರಿಂದ 4.8. ಎಫ್/1.7 ಲೆನ್ಸು ಎಫ್/3.5ರದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ, 4.8ಕ್ಕೆ ಹೋಲಿಸಿದರೆ ಎಂಟು ಪಟ್ಟು. ಪಡಸಾಲೆಯಲ್ಲಿ ಯಾಶಿಕಾದವನು 1/60ರಲ್ಲಿ ತೆಗೆಯುವಾಗ ಜೂಮ್ 70ಕ್ಕೆ ಎಳೆದವನಿಗೆ 1/8 ಬೇಕು. ಮೇಲಾಗಿ 70 ಮಿ.ಮೀ. ಲೆನ್ಸು ಕೈಯ ನಡುಕವನ್ನೂ ಅದೇ ಅನುಪಾತದಲ್ಲಿ ಹಿಗ್ಗಿಸುತ್ತದೆ. ಅವನ ಚಿತ್ರ ಅಲುಗಾಡಿದರೆ ಅದಕ್ಕೆ ಕನ್ನಡಿಯನ್ನು ಬೈಯುವುದು ಕುಣಿಯಲು ಬಾರದೆ ನೆಲ ಡೊಂಕು ಎಂದಂತೆ. ಅದೇ ಎಸ್‌ಎಲ್‌ಆರ್‌ಗೆ ಜೂಮ್ ತೆಗೆದು 50 ಮಿ.ಮೀ. ಎಫ್/1.8ರ ಸಾದಾ ಲೆನ್ಸು ಹಾಕಿ. ಅಂತರ ಬಹುಮಟ್ಟಿಗೆ ಕರಗುತ್ತದೆ.

ಎಲೆಕ್ಟ್ರೋ 35ರಲ್ಲಿ ಇನ್ನೂ ಒಂದು ಗುಣವಿದೆ. ಅದರ ಷಟರ್ ಇರುವುದು ಲೆನ್ಸಿನೊಳಗೆ, ಹೂವಿನ ಎಸಳಿನಂತೆ ಅರಳಿ ಮುಚ್ಚುವ ತೆಳು ತಗಡುಗಳ ರೂಪದಲ್ಲಿ. ಹೊಡೆತವೆಂಬುದೇ ಇಲ್ಲ, ಚಿತ್ರ ತೆಗೆದದ್ದು ಎದುರಿನವರಿಗೆ ಕೇಳಿಸುವುದೂ ಇಲ್ಲ. ಬೆಳಕು ಸಾಲದೆ ವೇಗ 1/30ಕ್ಕಿಂತ ಕೆಳಗಿಳಿದರೆ ಹಳದಿ ದೀಪ ಹೊತ್ತಿಕೊಂಡು ಎಚ್ಚರಿಸುತ್ತದೆ. ಆ ಹಳದಿ ದೀಪ ಎಷ್ಟು ಜನರನ್ನು ಮುಕ್ಕಾಲಿಗೋ, ಕಂಬಕ್ಕೆ ಒರಗಿಕೊಳ್ಳುವುದಕ್ಕೋ ಕಳಿಸಿದೆಯೋ! ಸ್ಪಷ್ಟ ಚಿತ್ರಗಳ ಲೆಕ್ಕದಲ್ಲಿ ಅದಕ್ಕೂ ಒಂದು ಪಾಲು ಕೊಡಬೇಕು.

ಎಲ್ಲವನ್ನೂ ಸಮ ಮಾಡಿ, ಒಂದೇ ಮಿಲಿಮೀಟರಿನ ಲೆನ್ಸು, ಒಂದೇ ಅಪರ್ಚರ್, ಒಂದೇ ಫಿಲ್ಮು, ಒಬ್ಬನೇ ಮನುಷ್ಯ ಎಂದಿಟ್ಟುಕೊಂಡರೆ, ರೇಂಜ್‌ಫೈಂಡರಿಗೆ ಒಂದು ಹೆಜ್ಜೆಯ ಅನುಕೂಲ ಉಂಟು ಎಂಬುದು ನನ್ನ ಅಭಿಪ್ರಾಯ. ಅಂದರೆ ಎಸ್‌ಎಲ್‌ಆರ್‌ನಲ್ಲಿ 1/30ರಲ್ಲಿ ನಂಬಿಕೆಯಿಂದ ತೆಗೆಯುವ ಕೈ ಇದರಲ್ಲಿ 1/15ಕ್ಕೆ ಇಳಿಯಬಹುದು. ಮೂರು ಹೆಜ್ಜೆ ಎನ್ನುವುದು ಹೊಗಳಿಕೆ. ಒಂದು ಹೆಜ್ಜೆಯೂ ಎಲ್ಲರಿಗೂ ಸಿಗುವುದಿಲ್ಲ. ಕೈ ಮೊದಲೇ ಹೆಚ್ಚು ನಡುಗುವವನಿಗೆ ಕನ್ನಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೈ ಪಳಗಿದವನಿಗೆ ಮಾತ್ರ ಕನ್ನಡಿಯ ಚಿಟಿಕೆ ಗೊತ್ತಾಗುವುದು. ಇದರಲ್ಲಿ ಒಂದು ವಿಚಿತ್ರ ನ್ಯಾಯವಿದೆ: ಹೊಸಬರು ಯಾವ ಗುಣಕ್ಕೆಂದು ಹೆಚ್ಚು ಹಣ ಕೊಡುತ್ತಾರೋ ಅದು ಕೈಗೆ ದಕ್ಕುವುದು ಹಳಬರಿಗೆ.

ಅಲುಗಾಡಿದ ಚಿತ್ರ ಎಂದು ನಾವು ಕರೆಯುವುದರಲ್ಲಿ ಅನೇಕವು ಅಲುಗಾಡಿದವಲ್ಲ, ಫೋಕಸ್ ತಪ್ಪಿದವು ಎಂಬುದನ್ನೂ ಇಲ್ಲಿ ಸೇರಿಸಬೇಕು. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ತೆರೆದು ಒಂದೂವರೆ ಮೀಟರ್ ದೂರದ ಮುಖಕ್ಕೆ ಹಿಡಿದರೆ ಸ್ಪಷ್ಟವಾಗಿರುವ ಆಳ ಸುಮಾರು 11 ಸೆಂ.ಮೀ.; ಮೂಗಿನಿಂದ ಕಿವಿಯ ತನಕ. ತೊಟ್ಟಿಲ ಮೇಲೆ ಬಗ್ಗಿದ ಸೋದರತ್ತೆ ಸ್ವಲ್ಪ ಮುಂದೆ ಬಂದರೆ ಮುಗಿಯಿತು. ಇಂಥ ಅರೆಗತ್ತಲಲ್ಲಿ, ಮಬ್ಬು ಜೂಮ್ ಹಾಕಿದ ಎಸ್‌ಎಲ್‌ಆರ್‌ನ ನೋಡುಗಿಂಡಿ ಸಂಜೆಯ ಕೊಟ್ಟಿಗೆಯಂತಿರುತ್ತದೆ. ಏನು ಸ್ಪಷ್ಟ, ಏನು ಅಸ್ಪಷ್ಟ ಎಂದು ಕಣ್ಣಿಗೆ ತಿಳಿಯದು. ರೇಂಜ್‌ಫೈಂಡರಿನಲ್ಲಿ ಕಿಂಡಿಯ ಬೆಳಕಿಗೂ ಲೆನ್ಸಿಗೂ ಸಂಬಂಧವಿಲ್ಲ. ದೀಪದ ಅಂಚೋ, ಸೀರೆಯ ಕರೆಯೋ ಒಂದು ಗೆರೆ ಸಿಕ್ಕರೆ ಸಾಕು, ಎರಡು ಬಿಂಬಗಳನ್ನು ಕೂಡಿಸಬಹುದು. ನನ್ನ ದೃಷ್ಟಿಯಲ್ಲಿ ಕತ್ತಲ ಮನೆಯಲ್ಲಿ ಈ ಕ್ಯಾಮರಾದ ನಿಜವಾದ ಹೆಚ್ಚುಗಾರಿಕೆ ಇದು. 1954ರ ಲೈಕಾ ಎಂ3ರಲ್ಲಿ ಆ ಎರಡು ಕಿಂಡಿಗಳ ನಡುವಿನ ಅಂತರ 68.5 ಮಿ.ಮೀ.; ಇಬ್ಬರು ಕಣ್ಣಿನ ನಡುವಿನಷ್ಟಲ್ಲ, ನಮ್ಮ ಎರಡು ಕಣ್ಣುಗಳ ನಡುವಿನಷ್ಟೇ ಸುಮಾರಾಗಿ. ಅಂತರ ಹೆಚ್ಚಿದಷ್ಟೂ ಅಳತೆ ನಿಖರ. ಸಣ್ಣ ಅಗ್ಗದ ಕ್ಯಾಮರಾಗಳಲ್ಲಿ ಅದು ಕಡಿಮೆ.

ಇನ್ನೊಂದು ಸಂಗತಿ ಕಾಣುವುದಕ್ಕೆ ಸಂಬಂಧಿಸಿದ್ದು. ಎಸ್‌ಎಲ್‌ಆರ್‌ನಲ್ಲಿ ಚಿತ್ರ ಬೀಳುವ ಕ್ಷಣದಲ್ಲೇ ಕನ್ನಡಿ ಎದ್ದು ನಿಮ್ಮ ಕಣ್ಣಿಗೆ ಕತ್ತಲಾಗುತ್ತದೆ. ತೆಗೆಯುವವನು ನೋಡದೇ ಹೋಗುವ ಒಂದೇ ಕ್ಷಣ ಎಂದರೆ ಫಿಲ್ಮು ನೋಡಿದ ಕ್ಷಣ! ರೇಂಜ್‌ಫೈಂಡರಿನಲ್ಲಿ ಕಿಂಡಿ ತೆರೆದೇ ಇರುತ್ತದೆ. 1/15ರಲ್ಲಿ ಎದುರಿನವರು ತಲೆ ತಿರುಗಿಸಿದರೋ, ಕಣ್ಣು ಮಿಟುಕಿಸಿದರೋ ಕಾಣುತ್ತದೆ. ಆಗಲೇ ಇನ್ನೊಂದು ತೆಗೆಯಬಹುದು. ಮನೆಗೆ ಬರುವ ಸ್ಪಷ್ಟ ಚಿತ್ರಗಳ ಸಂಖ್ಯೆ ಇದರಿಂದಲೂ ಹೆಚ್ಚುತ್ತದೆ.

ಸ್ಪಷ್ಟತೆಯೇ ಎಲ್ಲವೂ ಅಲ್ಲ ಎಂಬುದಕ್ಕೆ ಲೈಕಾದಿಂದಲೇ ಒಂದು ಸಾಕ್ಷಿ ಇದೆ. ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸ್ಸೋಂ 1948ರ ಜನವರಿ 30ರಂದು ದಿಲ್ಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿಗೆ ಹತ್ಯೆಯ ಸುದ್ದಿ ಬಂತು. ಮರಳಿ ಓಡಿದ ಅವರು ಕವಿದ ಸಂಜೆಗತ್ತಲಲ್ಲಿ, ಗೇಟಿನ ಬಳಿ ಎತ್ತರದಲ್ಲಿ ನಿಂತು ನೆಹರೂ ಜನರಿಗೆ ಸಾವಿನ ಸುದ್ದಿ ಹೇಳುತ್ತಿದ್ದುದನ್ನು ಕೈಯಲ್ಲೇ ಚಿತ್ರಿಸಿದರು. ಜಗತ್ತಿನಲ್ಲಿ ರೇಂಜ್‌ಫೈಂಡರನ್ನು ಅವರಷ್ಟು ಪಳಗಿಸಿದವರು ಕೆಲವರೇ. ಆದರೂ ಆ ಚಿತ್ರ ಮಸುಕು. ದೀಪದ ಬೆಳಕು ಚೆಲ್ಲಾಡಿದೆ, ಮುಖ ಕರಗಿದೆ. ಅದನ್ನು ಕೆಟ್ಟ ಚಿತ್ರ ಎಂದವರಿಲ್ಲ.

ಕರ್ನಾಟಕದ ಮಟ್ಟಿಗೆ ಈ ಪೈಪೋಟಿಯಲ್ಲಿ ಗೆದ್ದದ್ದು ಎಸ್‌ಎಲ್‌ಆರ್. ಅದಕ್ಕೆ ಒಂದು ಕಾರಣ ಕಾಡು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರಿಂದ ವನ್ಯಜೀವಿ ಛಾಯಾಗ್ರಹಣಕ್ಕೆ ಇಲ್ಲಿ ದೊಡ್ಡ ಹೆಸರು ಬಂತು. ದೂರದ ಹಕ್ಕಿಗೆ 300, 400 ಮಿ.ಮೀ. ಲೆನ್ಸು ಬೇಕು. ಅಷ್ಟು ಉದ್ದದ ಲೆನ್ಸಿಗೆ ಎರಡು ಕಿಂಡಿಗಳ ತ್ರಿಕೋನ ಸಾಲದು. ಲೆನ್ಸಿನ ಮೂಲಕವೇ ನೋಡಬೇಕು. ಅಲ್ಲಿ ಕೈಯ ಪ್ರಶ್ನೆಯೂ ಇಲ್ಲ, ಮುಕ್ಕಾಲಿಯೇ ಗತಿ.

ಇನ್ನು ನಮ್ಮ ತಾಲ್ಲೂಕು ಊರುಗಳ ಸ್ಟುಡಿಯೋದವರು ಬಹಳ ಕಾಲ ಈ ಎರಡೂ ಪಂಗಡಗಳ ಹೊರಗಿದ್ದರು. ಅವರ ಕೈಯಲ್ಲಿದ್ದದ್ದು ‘ಒನ್ ಟ್ವೆಂಟಿ’: ಯಾಶಿಕಾ-ಮ್ಯಾಟ್, ರೋಲೈಕಾರ್ಡ್‌ಗಳಂಥ ಮೇಲೊಂದು ಕೆಳಗೊಂದು ಲೆನ್ಸಿನ ಡಬ್ಬಿ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಅದರಲ್ಲೂ ಕನ್ನಡಿ ಇದೆ, ಆದರೆ ಅದು ಮೇಲಿನ ಲೆನ್ಸಿನ ಹಿಂದೆ ಗಟ್ಟಿಯಾಗಿ ಕೂತಿರುತ್ತದೆ, ಏಳುವುದಿಲ್ಲ. ಷಟರ್ ಲೆನ್ಸಿನೊಳಗಿನದು. ಕ್ಯಾಮರಾ ಕೊರಳಿನಿಂದ ಹೊಟ್ಟೆಯ ಮಟ್ಟಕ್ಕೆ ತೂಗುತ್ತದೆ. ಪಟ್ಟಿಯನ್ನು ಬಿಗಿಯಾಗಿ ಕೆಳಕ್ಕೆ ಎಳೆದು ಹಿಡಿದರೆ ಕೊರಳು, ಎರಡು ಕೈ ಸೇರಿ ಮೂರು ಆಧಾರ. ಲೆನ್ಸು ಎಫ್/3.5, ಅಷ್ಟೇನೂ ಚುರುಕಲ್ಲ. ಆದರೆ ನೆಗೆಟಿವ್ ಆರು ಸೆಂಟಿಮೀಟರ್ ಚೌಕ. ಹೆಚ್ಚು ಹಿಗ್ಗಿಸಬೇಕಾಗಿಲ್ಲವಾದ್ದರಿಂದ ಸಣ್ಣ ನಡುಕ ಮುಚ್ಚಿಹೋಗುತ್ತದೆ. ಈ ಭಾಗದ ಹಳೆಯ ಮದುವೆ ಆಲ್ಬಮ್ಮುಗಳ ಕಪ್ಪುಬಿಳುಪು ಚಿತ್ರಗಳು ಇಂದಿಗೂ ಕಣ್ಣಿಗೆ ಕಟ್ಟುವಂತಿರುವುದಕ್ಕೆ ಕಾರಣ ಇದು. 35 ಮಿ.ಮೀ.ನವರ ಜಗಳ ನೋಡಿ ಆ ಹಳೆಯ ಛಾಯಾಗ್ರಾಹಕರು ನಕ್ಕಿದ್ದರೆ ತಪ್ಪಲ್ಲ.

ನಿಮ್ಮಲ್ಲಿ ಎರಡೂ ಬಗೆಯ ಕ್ಯಾಮರಾ ಇದ್ದರೆ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಇದೇ ಪತ್ರಿಕೆಯ ಪುಟವನ್ನು ಪಡಸಾಲೆಯ ಗೋಡೆಗೆ ಅಂಟಿಸಿ. ಒಂದೇ ಬಗೆಯ ಫಿಲ್ಮು ಎರಡಕ್ಕೂ ಹಾಕಿ, ಹತ್ತಿರ ಹತ್ತಿರದ ಮಿಲಿಮೀಟರಿನ ಲೆನ್ಸು, ಒಂದೇ ದೂರ ಇರಲಿ. ಮೊದಲು ಮುಕ್ಕಾಲಿಯ ಮೇಲೆ ಒಂದು ಚಿತ್ರ. ಅದು ನಿಮ್ಮ ಲೆನ್ಸಿನ ಮಿತಿಯನ್ನು ಹೇಳುತ್ತದೆ. ಆಮೇಲೆ ಕೈಯಲ್ಲಿ 1/60, 1/30, 1/15, 1/8ರಲ್ಲಿ ಎಂಟೆಂಟು. ಯಾವುದು ಯಾವ ಕ್ಯಾಮರಾದ್ದೆಂದು ತಿಳಿಯದಂತೆ ಮನೆಯವರಿಂದ ನೆಗೆಟಿವ್ ಕಲಸಿಸಿ, ಭೂತಗನ್ನಡಿಯಲ್ಲಿ ಓದಲು ಬರುವುದನ್ನು ಎಣಿಸಿ. ಕನ್ನಡ ಅಕ್ಷರದಷ್ಟು ಒಳ್ಳೆಯ ಅಳತೆಗೋಲು ಬೇರೆ ಬೇಕಿಲ್ಲ. ಪ ಯಾವುದು, ಷ ಯಾವುದು, ಒತ್ತಕ್ಷರ ಯಾವುದು ಎಂದು ತಿಳಿದರೆ ಚಿತ್ರ ಪಾಸಾಯಿತು. ಅಲುಗಾಡಿದ ದಿಕ್ಕನ್ನೂ ಗಮನಿಸಿ. ತಲೆಕಟ್ಟುಗಳು ದಪ್ಪಗಾಗಿ, ನೇರ ನಿಂತ ಗೆರೆಗಳು ಸಣ್ಣಗೇ ಉಳಿದಿದ್ದರೆ ಕ್ಯಾಮರಾ ಮೇಲೆ ಕೆಳಗೆ ಆಡಿದೆ. ಎಸ್‌ಎಲ್‌ಆರ್‌ನ ಚಿತ್ರಗಳಲ್ಲಿ ಮತ್ತೆ ಮತ್ತೆ ಹೀಗೇ ಬಂದರೆ ಕನ್ನಡಿಯ ಮೇಲೆ ಅನುಮಾನ ಪಡಬಹುದು. ನಡುವೆ ಸ್ಪಷ್ಟವಾಗಿದ್ದು ಅಂಚಿಗೆ ಹೋದಂತೆ ಕದಡಿದ್ದರೆ ಗುಂಡಿಯನ್ನು ಜೋರಾಗಿ ಅದುಮಿ ಕ್ಯಾಮರಾ ತಿರುಚಿದ್ದೀರಿ. ಒಂದೊಂದರಲ್ಲಿ ಒಂದೊಂದು ದಿಕ್ಕಾದರೆ ಅದು ಬರಿಯ ಕೈ.

ಕೈಗೆ ಮದ್ದುಗಳು ಹಳೆಯವೇ. ಕಂಬಕ್ಕೆ ಭುಜ ಒರಗಿಸಿ. ಮೊಣಕೈ ಪಕ್ಕೆಗೆ ಒತ್ತಿ. ಅರ್ಧ ಉಸಿರು ಬಿಟ್ಟು ತಡೆದು, ಗುಂಡಿಯನ್ನು ಹಿಂಡಿದಂತೆ ಒತ್ತಿ. ಕ್ಯಾಮರಾದ ತಳದ ತಿರುಪಿಗೆ ಒಂದು ಹುರಿ ಕಟ್ಟಿ, ಅದರ ತುದಿಯನ್ನು ಕಾಲಲ್ಲಿ ಮೆಟ್ಟಿ ಮೇಲಕ್ಕೆ ಬಿಗಿದು ಹಿಡಿಯುವ ಉಪಾಯವಂತೂ ಹತ್ತು ರೂಪಾಯಿಯ ಮುಕ್ಕಾಲಿ. ಮುಕ್ಕಾಲಿ ಒಯ್ಯಲಾಗದ ಕಡೆ, ಗೋಳಗುಮ್ಮಟದ ಒಳಗೆ ಬಾಗಿಲಿನ ಬೆಳಕಿನಿಂದ ದೂರ ಸರಿದಾಗ, ಇಲ್ಲವೇ ಮೊಹರಂ ರಾತ್ರಿ ಅಲಾಯಿ ಕುಣಿಯ ಬೆಂಕಿಯ ಬೆಳಕಿನಲ್ಲಿ, ಈ ಹುರಿ ಕ್ಯಾಮರಾದ ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕುಣಿಯುವವರ ಕಾಲನ್ನು ಮಾತ್ರ ಅದು ನಿಲ್ಲಿಸಲಾರದು.

ಹಳೆಯ ಕ್ಯಾಮರಾ ಕೊಳ್ಳುವವರು ಎರಡು ಮೂರು ವಿಷಯ ನೋಡಿಕೊಳ್ಳಬೇಕು. ಎಸ್‌ಎಲ್‌ಆರ್ ಆದರೆ ಕನ್ನಡಿ ಬಡಿಯುವ ಜಾಗದ ಸ್ಪಂಜು. ಮೂವತ್ತು ನಲವತ್ತು ವರ್ಷದಲ್ಲಿ ಅದು ಕರಗಿ ಅಂಟಾಗಿರುತ್ತದೆ. ಮೆತ್ತೆ ಹೋದ ಮೇಲೆ ಕನ್ನಡಿ ಲೋಹಕ್ಕೇ ಬಡಿಯುತ್ತದೆ, ಹೊಸದರಲ್ಲಿ ಇರದಿದ್ದ ನಡುಕ ಆಗ ಬರುತ್ತದೆ. ಸ್ಪಂಜು ಬದಲಿಸುವುದು ದೊಡ್ಡ ಖರ್ಚಲ್ಲ. ರೇಂಜ್‌ಫೈಂಡರ್ ಆದರೆ ಲೆನ್ಸನ್ನು ಅನಂತಕ್ಕೆ ತಿರುಗಿಸಿ, ಒಂದೆರಡು ಕಿಲೋಮೀಟರ್ ದೂರದ ನೀರಿನ ಟಾಕಿಯನ್ನೋ ಗುಡಿಯ ಶಿಖರವನ್ನೋ ನೋಡಿ. ಎರಡು ಬಿಂಬ ಪೂರ್ತಿ ಒಂದಾಗದಿದ್ದರೆ ಅದು ರಿಪೇರಿಗೆ ಹೋಗಬೇಕು, ಕೈ ಎಷ್ಟು ಗಟ್ಟಿಯಿದ್ದರೂ ಚಿತ್ರ ಮಸುಕೇ. ಎಲೆಕ್ಟ್ರೋ 35ಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. 6 ವೋಲ್ಟಿನದನ್ನು ಅಡಾಪ್ಟರ್ ಹಾಕಿ ಕೂರಿಸಿದರೆ ನಡೆಯುತ್ತದೆ. ಬ್ಯಾಟರಿ ಇಲ್ಲದೆಯೂ ಅದು ‘ಟಿಕ್’ ಎನ್ನುತ್ತದೆ, ಮಾರುವವರು ಅಷ್ಟನ್ನೇ ತೋರಿಸಿ ಕೆಲಸ ಮಾಡುತ್ತದೆ ಎನ್ನುವುದುಂಟು. ಆಗ ಅದು ತೆರೆಯುವುದು 1/500 ಸೆಕೆಂಡು ಮಾತ್ರ, ಪಡಸಾಲೆಯ ಚಿತ್ರ ಪೂರ್ತಿ ಕಪ್ಪು.